ಕೌದಿ ಒಗೆಯಲು ಕಟ್ಟಿದ ಒಡ್ಡು

ನೀಲಕ್ಕಾ, ಅಂದು ನಿನ್ನ ಮನೆಗೆ ಹಳ್ಳ ನುಗ್ಗಿಸಿದವಳು ನೀರಿನ ತಾಯಿ ಗಂಗವ್ವನಲ್ಲ — ನಾನು. ಪಕ್ಕದ ಮನೆಯಲ್ಲೇ ಇದ್ದೂ ಇಷ್ಟು ವರ್ಷ ಹೇಳಲಿಲ್ಲ.

ಕರ್ನಾಟಕ ಒಂದಾದ ವರ್ಷ ಅದು. ಮಹಾನವಮಿ ಹತ್ತಿರ ಬಂದಿತ್ತು. ಹಾಸಿಗೆ ಹೊದಿಕೆಯೆಲ್ಲ ಒಗೆದು ಮಡಿ ಮಾಡಬೇಕು. ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟೇ. ಗಂಡಸರು ಚಾವಡಿಯಲ್ಲಿ ಕೂತು ನಾಡು ಕೂಡಿಸುತ್ತಿದ್ದರು. ನಾನು ನಿನ್ನ ಹಿತ್ತಿಲ ಹಿಂದೆ, ಹಳ್ಳ ಇಕ್ಕಟ್ಟಾಗುವ ಕಡೆ, ಕಲ್ಲು ಪೇರಿಸಿ, ಹತ್ತಿಕಟ್ಟಿಗೆ ತುರುಕಿ ಒಡ್ಡು ಕಟ್ಟಿದೆ. ಏಳು ಕೌದಿ ಒಗೆದೆ. ಎಂಟನೆಯದನ್ನು ನೆನೆಹಾಕಿ ಊಟಕ್ಕೆ ಹೋದೆ. ಒಡ್ಡು — ನಾಳೆ ಬಿಚ್ಚಿದರಾಯಿತು ಎಂದು...

ನಮ್ಮ ಮೇಲೆ ಬಿಸಿಲು. ಮಳೆ ಬಿದ್ದದ್ದು ಕಪ್ಪತಗುಡ್ಡದ ಮೇಲೆ. ಗುಡ್ಡದ ನೀರಿಗೆ ತಾಳ್ಮೆ ಎಲ್ಲಿ? ಮಣ್ಣು, ಮುಳ್ಳುಕಂಟಿ ಬಾಚಿಕೊಂಡು ಇಳಿಯಿತು. ಆ ಕಂಟಿಯೆಲ್ಲ ನನ್ನ ಒಡ್ಡಿಗೆ ಸಿಕ್ಕಿ ದಾರಿ ಕಟ್ಟಿತು; ನೀರು ನಿನ್ನ ಹಿತ್ತಿಲ ಬಾಗಿಲಿಂದ ಒಳಗೆ ಬಂದು ತಲಬಾಗಿಲಿಂದ ಹೊರಗೆ ಹೋಯಿತು. ನಿನ್ನ ರೊಟ್ಟಿಬುಟ್ಟಿ ಓಣಿಯಲ್ಲಿ ತೇಲಿತು. ಅದರಲ್ಲಿ ನಿನ್ನ ಬೆಕ್ಕು ಕೂತಿತ್ತು. ಯಾರ ಜೀವವೂ ಹೋಗಲಿಲ್ಲ — ಅದೊಂದು ದೇವರ ದಯೆ. ಬೆಕ್ಕೂ ಉಳಿಯಿತು — ಅದು ಎರಡನೆಯ ದಯೆ.

ಪ್ರತಿ ಮಳೆಗಾಲ ಹಳ್ಳಕ್ಕೆ ಮೊದಲ ಉಡಿ ತುಂಬುವವಳು ನೀನು. ಆ ವರ್ಷ ಉಡಿಯಲ್ಲಿ ಹಸಿರು ಬಳೆ ಇಡುವುದು ನಿನಗೆ ಮರೆತುಹೋಗಿತ್ತು. ನೀರಿಳಿದ ಮೇಲೆ ಓಣಿಯ ಹಿರಿಯಳು ಗೌರಜ್ಜಿ ಕೆಸರಿನಲ್ಲೇ ನಿಂತು ಅಂದಳು:

"ಬಳಿ ಮರತಿದ್ದೆಲ್ಲಾ ನೀಲಿ, ಗಂಗವ್ವ ಅದನ್ನ ಹುಡುಕ್ಕೋಂತ ನಿನ್ನ ಮನೀಗೇ ಬಂದಾಳ ನೋಡು!"

ನೀನು ಅಳುತ್ತ ನನ್ನ ಕಡೆ ತಿರುಗಿದೆ. "ಹೌದೇನ? ದಿನಾ ಪೂಜಿ ಮಾಡಾಕಿ ನೀ, ನೀನರ ಹೇಳ."

ನನ್ನ ಎಂಟನೆಯ ಕೌದಿ ಒಡ್ಡಿನ ಕಲ್ಲುಗಳ ನಡುವೆ ಸಿಕ್ಕಿದ್ದು ನನಗೆ ಕಾಣುತ್ತಿತ್ತು. ಕಂಡೂ —

"ಖರೆ ಐತಿ, ಅಕ್ಕಾ" ಅಂದೆ.

ನೀನು ಐದು ಸೋಮವಾರ ಉಪವಾಸವಿದ್ದು ಮುತ್ತೈದೆಯರಿಗೆ ಹೋಳಿಗೆ ಬಡಿಸಿದೆ. ನಾನೂ ಎಲೆಗೆ ಕೂತೆ. ಮೂರನೆಯ ಸೋಮವಾರ, "ತುಪ್ಪ ಸ್ವಲ್ಪ ಕಡಿಮಿ ಆತು" ಎಂದೂ ಹೇಳಿದೆ. ಹೋಳಿಗೆ ದಕ್ಕಿತು, ಅದನ್ನು ಮಾತ್ರ ದೇವರ ದಯೆ ಎನ್ನಲಾರೆ.

ಮರುವರ್ಷ ಹೆಂಗಸರು ಉಡಿಯ ತಟ್ಟೆಯನ್ನು ನಿನ್ನ ಕೈಯಿಂದ ತೆಗೆದು ನನಗೆ ಕೊಟ್ಟರು. ತೆಗೆದುಕೊಂಡೆ. ಅಂದಿನಿಂದ ಪ್ರತಿವರ್ಷವೂ ತೆಗೆದುಕೊಂಡೆ — ನೀನು ಮಾತ್ರ, ಗಂಗವ್ವನಿಗೆ ನಿನ್ನ ಮೇಲೆ ಸಿಟ್ಟೆಂದು, ದಂಡೆಗೂ ಬರದೆ ಎಲ್ಲರ ಹಿಂದೆ...

ಈ ಸಲ ತಟ್ಟೆ ನಿನ್ನ ಕೈಗೆ. ಯಾಕೆಂದು ಓಣಿಯ ಹೆಂಗಸರ ಮುಂದೆ ನಾನೇ ಹೇಳುತ್ತೇನೆ. ಆಮೇಲೆ ನೀನು ಬೈಯಬೇಕು. ಬೈಯುವಾಗ ನನ್ನ ಬಲಕ್ಕೆ ನಿಲ್ಲು, ಅಕ್ಕಾ — ಎಡಗಿವಿ ಈಗ ಕೇಳಿಸುವುದಿಲ್ಲ. ಒಂದು ಮಾತೂ ತಪ್ಪಬಾರದು.