ನಾಲ್ಕೂ ಸಲ ಒಂದೇ ಸದ್ದು

ಮೆಲ್ಕಾರಿನ ಹೆದ್ದಾರಿ ಬದಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ವಸಂತನಿಗೆ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿ ಅಭ್ಯಾಸವಿಲ್ಲ. ಅದು ಕಸುಬಿನಿಂದ ಬಂದ ಗುಣ. ಸುಟ್ಟ ಪಂಪು ಹೊತ್ತು ತಂದವರೆಲ್ಲ ನಿನ್ನೆವರೆಗೆ ಚೆನ್ನಾಗಿ ಓಡುತ್ತಿತ್ತು ಎಂದೇ ಹೇಳುತ್ತಾರೆ. ಬಿಚ್ಚಿ ನೋಡಿದರೆ ಆರು ತಿಂಗಳಿಂದ ನೀರು ನುಗ್ಗಿ ತುಕ್ಕು ಹಿಡಿದಿರುತ್ತದೆ. ವಸಂತ ಎದುರು ಮಾತಾಡುವುದಿಲ್ಲ. ಹೂಂ ಎನ್ನುತ್ತಾನೆ, ಮೀಟರ್ ಹಚ್ಚುತ್ತಾನೆ, ಆಮೇಲೆ ಕಿವಿ ಹತ್ತಿರ ತರುತ್ತಾನೆ. ಐವತ್ಮೂರರ ಈ ವಯಸ್ಸಿನಲ್ಲೂ, ಮೋಟರು ತಿರುಗುವ ಸದ್ದು ಕೇಳಿಯೇ ಬೇರಿಂಗು ಸವೆದಿದೆಯೋ ಬೆಲ್ಟು ಸಡಿಲವಾಗಿದೆಯೋ ಹೇಳಬಲ್ಲ. ಹೆಂಡತಿ ಮೋಹಿನಿ ಊರಿನ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ನೀರು ಬೆರೆಸುವವರನ್ನು ದಿನಾ ಬೆಳಿಗ್ಗೆ ಕಾಣುತ್ತಿದ್ದರೂ ಅವಳು ಗಂಡನಷ್ಟು ಸಂಶಯದ ಸ್ವಭಾವದವಳಲ್ಲ.

ಇಂಥ ವಸಂತನಿಗೆ ಪ್ರೊಗ್ರೆಸಿವ್ ರಾಕ್ ಎಂಬ ಸಂಗೀತದ ಹುಚ್ಚು ಹತ್ತಿದ್ದು ಮಸ್ಕತ್ತಿನಲ್ಲಿ. ಅಲ್ಲಿ ಅವನು ಹನ್ನೊಂದು ವರ್ಷ ಎ.ಸಿ. ರಿಪೇರಿ ಮಾಡಿಕೊಂಡಿದ್ದ. ಅವನ ಕೋಣೆಯಲ್ಲೇ ಇದ್ದ ಕಕ್ಕಿಂಜೆಯ ಹನೀಫಾ ಒಂದು ಸಿ.ಡಿ. ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿ ಮುಚ್ಚಿದಾಗ, ಮಾರಾಟವಾಗದೆ ಉಳಿದ ಒಂದು ಪೆಟ್ಟಿಗೆ ಸಿ.ಡಿ.ಗಳನ್ನು ಅವನು ಕೋಣೆಗೆ ತಂದ. ಅದರಲ್ಲಿ ಒಂದರ ಹೊದಿಕೆಯ ಮೇಲೆ ಕಾಗದ ಮಡಚಿ ಮಾಡಿದ ದೀಪಸ್ತಂಭದ ಚಿತ್ರವಿತ್ತು. ಪೇಪರ್ ಲೈಟ್‌ಹೌಸ್ ಎಂಬ ಇಂಗ್ಲೆಂಡಿನ ತಂಡ. ಮೊದಲ ಹಾಡೇ ಇಪ್ಪತ್ತೆರಡು ನಿಮಿಷ. ಮುಗಿಯುವ ಲಕ್ಷಣವೇ ಕಾಣದಿದ್ದಾಗ ವಸಂತ ಪ್ಲೇಯರ್ ಹಾಳಾಗಿದೆ ಎಂದುಕೊಂಡು ಎದ್ದು ನೋಡಿದ. ಪ್ಲೇಯರ್ ಸರಿಯಿತ್ತು. ತಾಳ ಮಾತ್ರ ಏಳು ಮಾತ್ರೆಗೆ ಒಮ್ಮೆ, ಹನ್ನೊಂದಕ್ಕೆ ಒಮ್ಮೆ ಹೊರಳುತ್ತಿತ್ತು. ಹಿಂದಿನಿಂದ ಆರ್ಗನ್ ಎಂಬ ಕೀಲಿಮಣೆ ವಾದ್ಯದ ದನಿ ಏರಿ ಬಂದಾಗ, ಮತ್ತೆ ಮಲಗಿದ್ದವನು ಹಾಸಿಗೆಯಲ್ಲಿ ಎದ್ದು ಕೂತ.

"ಇದರ ಒಳಗೆ ಮೋಟರ್ ಉಂಟು ಮಾರಾಯ," ಎಂದ.

ಹನೀಫಾ ನಕ್ಕುಬಿಟ್ಟ. ಆದರೆ ವಿಚಾರಿಸಿದಾಗ ಮಾತು ನಿಜವೇ ಆಗಿತ್ತು. ಆ ಹಳೆಯ ಬಗೆಯ ಆರ್ಗನ್ನಿನಲ್ಲಿ ಹಲ್ಲಿನ ಚಕ್ರಗಳನ್ನು ತಿರುಗಿಸಲು ಒಂದು ಮೋಟರು, ದನಿ ಹೊರಬರುವ ಮರದ ಪೆಟ್ಟಿಗೆಯೊಳಗೆ ಕೊಳವೆಯನ್ನು ಗಿರಗಿರ ಸುತ್ತಿಸಲು ಇನ್ನೊಂದು. ಬಾರಿಸುವವನು ಒಂದು ಸ್ವಿಚ್ ಒತ್ತಿದರೆ ಕೊಳವೆಯ ವೇಗ ಏರಿ ದನಿ ನಡುಗುತ್ತದೆ. ತಂಡದ ಆರ್ಗನ್ ವಾದಕ ಎಡ್ವಿನ್ ಪೆಲ್‌ನ ಪೆಟ್ಟಿಗೆಯಲ್ಲಿ ಬೆಲ್ಟು ಸಡಿಲವಾಗಿತ್ತು. ವೇಗ ಏರಲು ಹೆಚ್ಚುಕಡಿಮೆ ನಾಲ್ಕು ಸೆಕೆಂಡ್ ಬೇಕಾಗುತ್ತಿತ್ತು, ಅದೂ ಒಂದೊಂದು ಸಲ ಒಂದೊಂದು ರೀತಿ. ಆ ತಡವರಿಕೆಯನ್ನು ಕೇಳಲೆಂದೇ ವಸಂತ ಇಪ್ಪತ್ತೆರಡು ನಿಮಿಷ ಕೂರುತ್ತಿದ್ದ.

ಊರಿಗೆ ಮರಳಿದ ಮೇಲೆ ಹನೀಫಾ ಕಕ್ಕಿಂಜೆಯಲ್ಲಿ ಬೇಕರಿ ಹಾಕಿದ, ವಸಂತ ಮೆಲ್ಕಾರಿನಲ್ಲಿ ಅಂಗಡಿ. ಸಂಗೀತದ ನಂಟು ಬಿಡಲಿಲ್ಲ. ಮೂರನೆಯವಳು ಸೇರಿದ್ದು ಇಂಟರ್‌ನೆಟ್ಟಿನಿಂದ. ತಂಡದ ಒಂದು ವಿಡಿಯೋದ ಕೆಳಗೆ ಯಾರೋ ಉದ್ದಕ್ಕೆ ಇಂಗ್ಲಿಷಿನಲ್ಲಿ ಬರೆದು, ಕೊನೆಗೆ ಬೇಸರ ತಡೆಯಲಾರದೆ ಕನ್ನಡದಲ್ಲೇ, ಎಂತ ಮಾರಾಯ್ರೆ, ಈ ವರ್ಷವೂ ಹೊಸ ಆಲ್ಬಂ ಇಲ್ವಾ, ಎಂದು ಕೇಳಿದ್ದರು. ಹನೀಫಾ ಕೂಡಲೇ ಉತ್ತರ ಹಾಕಿದ. ಬರೆದವಳು ಮೂಡುಬಿದಿರೆಯಲ್ಲಿ ಗಣಿತ ಕಲಿಸುವ ನವ್ಯಾ. ಅಲ್ಲಿಂದ ಮುಂದೆ ತಿಂಗಳ ಎರಡನೇ ಭಾನುವಾರ ಊಟ ಮುಗಿಸಿ ಮೂವರೂ ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರುವುದು ರೂಢಿಯಾಯಿತು. ಹನೀಫಾನ ಹೆಂಡತಿ ಫಾಯಿಝಾ ಚಹಾ, ಪಫ್ಸ್ ಕಳಿಸಿ, ಬಾಗಿಲು ಹಾಕಿಕೊಳ್ಳಿ ಎಂದು ಹೇಳಿ ಹೋಗುತ್ತಿದ್ದಳು. ಗಿರಾಕಿಗಳು ಆ ಸದ್ದಿಗೆ ಹೆದರುತ್ತಾರೆ ಎಂಬುದು ಅವಳ ದೂರು.

ಕೇಳುವುದಕ್ಕೆ ಹೊಸತು ಮಾತ್ರ ಏನೂ ಇರಲಿಲ್ಲ. ತಂಡದ ಕೊನೆಯ ಆಲ್ಬಂ ಬಂದದ್ದು ಎರಡು ಸಾವಿರದ ಹದಿನೈದರಲ್ಲಿ. ಮುಂದಿನದು ಇನ್ನೆರಡು ವರ್ಷಕ್ಕೆ ಎಂದಿದ್ದರು. ಆಮೇಲೆ ಸ್ಟುಡಿಯೋಗೆ ನೀರು ನುಗ್ಗಿತು ಎಂದರು, ಕೊರೋನಾ ಎಂದರು, ಮಿಕ್ಸಿಂಗ್ ಇನ್ನೊಮ್ಮೆ ಮಾಡುತ್ತಿದ್ದೇವೆ ಎಂದರು. ಹನೀಫಾ ಪ್ರತಿಯೊಂದನ್ನೂ ನಂಬಿ, ಒಳ್ಳೆಯದಕ್ಕೇ ತಡ ಆಗ್ತಾ ಉಂಟು ಎನ್ನುತ್ತಿದ್ದ. ನವ್ಯಾ ಹಳೆಯ ಹಾಡುಗಳ ತಾಳ ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ನೀರು ನುಗ್ಗಿದ ಸ್ಟುಡಿಯೋದ ಫೋಟೋವನ್ನು ದೊಡ್ಡದು ಮಾಡಿ ನೋಡಿದ ವಸಂತ, ಪ್ಲಗ್‌ಗಳೆಲ್ಲ ನೆಲದ ಹತ್ತಿರವೇ ಇವೆ, ಒಂದಕ್ಕೂ ಕೆಸರು ಹಿಡಿದಿಲ್ಲ ಎಂದು ತೋರಿಸಿದ. ಅಂದಿನಿಂದ ತಂಡದ ಯಾವ ಮಾತು ಬಂದರೂ ಅವನು ಮೊದಲು ಅದರ ಹಿಂಬದಿ ನೋಡತೊಡಗಿದ.

ಕಾರ್ಯಕ್ರಮದ ಕಥೆಯೂ ಅಷ್ಟೇ. ಬೆಂಗಳೂರಿಗೆ ಬರುತ್ತೇವೆ ಎಂದು ಎರಡು ಸಾವಿರದ ಇಪ್ಪತ್ಮೂರರ ನವೆಂಬರಿನ ತಾರೀಕು ಹೇಳಿದರು. ಮೂವರೂ ಟಿಕೆಟು ಮಾಡಿದರು. ಹನೀಫಾ ಬೇಕರಿಯನ್ನು ತಮ್ಮ ಅಶ್ರಫ್‌ಗೆ ಒಪ್ಪಿಸಿ, ಬಸ್ಸಿನಲ್ಲಿ ಯಾವ ಸೀಟು ಎಂಬುದನ್ನೂ ತೀರ್ಮಾನಿಸಿದ. ಹೊರಡಲು ಹತ್ತು ದಿನ ಇರುವಾಗ ಕಾರ್ಯಕ್ರಮ ಫೆಬ್ರವರಿಗೆ ಹೋಯಿತು. ಫೆಬ್ರವರಿ ಬಂದಾಗ, ದಿನಾಂಕ ಮುಂದೆ ತಿಳಿಸುತ್ತೇವೆ ಎಂಬ ಒಂದು ಸಾಲು ಬಂತು. ಪೋಸ್ಟರಿನಲ್ಲಿ ಮಾತ್ರ ಎಡ್ವಿನ್ ಪೆಲ್ ಆರ್ಗನ್ ಮುಂದೆ ಕೂತು ನಗುತ್ತಲೇ ಇದ್ದ. ಅದು ಹಳೆಯ ಫೋಟೋ ಎಂದು ವಸಂತ ಹೇಳಿದ. ಹಿಂದೆ ಗೋಡೆಗೆ ತೂಗಿದ ಕ್ಯಾಲೆಂಡರಿನ ಇಸವಿ ಅವನ ಕಣ್ಣಿಗೆ ಬಿದ್ದಿತ್ತು.

"ನಿಮ್ಗೆ ಹಾಡು ಕೇಳ್ಲಿಕ್ಕೆ ಇರುವುದಾ, ಕಳ್ಳರನ್ನು ಹಿಡೀಲಿಕ್ಕೆ ಇರುವುದಾ?" ಎಂದು ಮೋಹಿನಿ ಕೇಳಿದಳು.

ಏಪ್ರಿಲಿನಲ್ಲಿ ಕೊನೆಗೂ ಒಂದು ಹೊಸ ಹಾಡು ಬಂತು, ಹದಿನಾಲ್ಕು ನಿಮಿಷದ್ದು. ಆ ಭಾನುವಾರ ಹನೀಫಾ ದೊಡ್ಡ ಸ್ಪೀಕರುಗಳನ್ನು ಒರೆಸಿ ಇಟ್ಟಿದ್ದ. ಹಾಡು ಮುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಒಂಬತ್ತು ವರ್ಷ ಕಾದದ್ದು ಸಾರ್ಥಕವಾಯಿತು ಎಂದ. ವಸಂತ, ಇನ್ನೊಮ್ಮೆ ಹಾಕು ಎಂದ. ಮೂರನೇ ಸಲ ಹಾಕಿಸಿದಾಗ ಅವನ ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಇತ್ತು. ಹಾಡಿನಲ್ಲಿ ಆರ್ಗನ್ನಿನ ವೇಗ ಏರುವ ಜಾಗ ನಾಲ್ಕು. ನಾಲ್ಕೂ ಕಡೆ ಅದೇ ಅಳತೆ, ಅದೇ ಏರಿಕೆ, ನಡುವೆ ಅದೇ ಸಣ್ಣ ತೊದಲು.

"ಬೆಲ್ಟ್ ಜಾರುವ ಮೋಟರ್ ನಾಲ್ಕು ಸಲ ಹೀಗೆ ಒಂದೇ ರೀತಿ ಏಳುವುದಿಲ್ಲ," ಎಂದ. "ಇದು ಎಡ್ವಿನ್ ಅಲ್ಲ. ಇದು ಯಾವುದೋ ಮೆಷಿನ್."

ಹನೀಫಾ ಸ್ಪೀಕರು ಆರಿಸಿದ. ನಿಂಗೆ ಸಂತೋಷ ಆಗುವುದೇ ಇಲ್ವಾ ಎಂದು ಕೇಳಿದವನ ದನಿಯಲ್ಲಿ ಸಿಟ್ಟಿತ್ತು. ವಸಂತ ನವ್ಯಾಳ ಕಡೆ ನೋಡಿದ. ಎಲ್ಲವನ್ನೂ ಎಣಿಸುವ ನವ್ಯಾ ಅಂದು ಪುಸ್ತಕವನ್ನೇ ತೆಗೆದಿರಲಿಲ್ಲ. ಇಷ್ಟು ಬೇಗ ತೀರ್ಮಾನಕ್ಕೆ ಬರುವುದು ಬೇಡ, ಎರಡನೇ ಹಾಡು ಹತ್ತೊಂಬತ್ತು ನಿಮಿಷದ್ದು, ಅದನ್ನೂ ಕೇಳಿ ನೋಡುವ ಎಂದಳು. ಇದನ್ನು ಎಲ್ಲಿಯೂ ಬರೆಯಬೇಡಿ ಎಂದೂ ಸೇರಿಸಿದಳು.

ಬಸ್ಸಿನಲ್ಲಿ ಬರುವಾಗ ಬೆಳ್ತಂಗಡಿ ದಾಟಿದ ಮೇಲೆ ವಸಂತನಿಗೆ ಹೊಳೆಯಿತು. ಎರಡನೇ ಹಾಡಿನ ಉದ್ದವನ್ನು ತಂಡ ಇನ್ನೂ ಎಲ್ಲಿಯೂ ಹೇಳಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ ನೋಡಿದ. ಇಲ್ಲ. ಹಾಗಾದರೆ ಇವಳಿಗೆ ಗೊತ್ತಾದದ್ದು ಹೇಗೆ? ಬರೆಯಬೇಡಿ ಎಂದದ್ದು ಏಕೆ? ಎಷ್ಟೋ ವರ್ಷ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿದವಳು ಆ ಕ್ಷಣಕ್ಕೆ ಅವನಿಗೆ ಅಪರಿಚಿತಳಂತೆ ಕಂಡಳು. ಹನೀಫಾನಿಗೂ ಗೊತ್ತಿರಬಹುದೇ ಎಂಬ ಯೋಚನೆಯೂ ಬಂತು. ಮನೆ ತಲುಪಿದವನೇ ಅಭಿಮಾನಿಗಳ ಪುಟದಲ್ಲಿ ತನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದುಬಿಟ್ಟ. ನಾಲ್ಕು ಜಾಗ, ನಾಲ್ಕು ಅಳತೆ. ಕೊನೆಗೆ, ನಾನು ಮೋಟರ್ ಕೆಲಸದವನು, ಇದು ಮನುಷ್ಯ ಬಾರಿಸಿದ್ದಲ್ಲ, ಎಂದ.

ಮೂರೇ ದಿನದಲ್ಲಿ ಆ ಪುಟ ಹೊತ್ತಿ ಉರಿಯಿತು. ಬ್ರೆಜಿಲಿನವನೊಬ್ಬ ಕಂಪ್ಯೂಟರಿನಲ್ಲಿ ಅಳೆದು ವಸಂತನ ಲೆಕ್ಕ ಸರಿ ಎಂದ. ಮೋಸ ಎಂದವರು ಕೆಲವರು, ಹಣ ವಾಪಸು ಕೊಡಿ ಎಂದವರು ಹಲವರು. ತಂಡ ತುಟಿ ಬಿಚ್ಚಲಿಲ್ಲ. ಎರಡು ವಾರದ ಬಳಿಕ ಏಷ್ಯಾದ ಎಲ್ಲ ಕಾರ್ಯಕ್ರಮಗಳು ರದ್ದು, ಆಲ್ಬಂ ಅನಿರ್ದಿಷ್ಟ ಕಾಲಕ್ಕೆ ಮುಂದಕ್ಕೆ ಎಂಬ ಪ್ರಕಟಣೆ ಬಂತು. ಅದನ್ನು ಓದಿದ ಹನೀಫಾ ಫೋನು ಮಾಡಿ ಒಂದೇ ಮಾತು ಹೇಳಿದ.

"ನಿನ್ನಿಂದ ಹೋಯ್ತು, ವಸಂತ."

ಮುಂದಿನ ಎರಡನೇ ಭಾನುವಾರ ಕಕ್ಕಿಂಜೆಯಿಂದ ಕರೆ ಬರಲಿಲ್ಲ.

ವಸಂತ ಅಂಗಡಿಯಲ್ಲಿ ಕೂತು ತಂತಿ ಸುತ್ತಿದ, ಸುತ್ತಿದ್ದನ್ನು ಬಿಚ್ಚಿದ. ತಾನು ಹೇಳಿದ್ದು ಸುಳ್ಳಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೂ ನವ್ಯಾಳ ಆ ಹತ್ತೊಂಬತ್ತು ನಿಮಿಷ ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಇತ್ತು. ಒಂದು ಶನಿವಾರ ಮಧ್ಯಾಹ್ನ ಶಟರ್ ಎಳೆದು ಮೂಡುಬಿದಿರೆಗೆ ಹೋದ. ಕಾಲೇಜು ಬಿಟ್ಟು ಹೊರಗೆ ಬಂದ ನವ್ಯಾ ಅವನನ್ನು ಕಂಡು ಗಾಬರಿಯಾಗಲಿಲ್ಲ. ಕಾಯುತ್ತಿದ್ದವಳ ಹಾಗೆ, ಬನ್ನಿ ವಸಂತಣ್ಣ, ಕೂತು ಮಾತಾಡುವ ಎಂದು ಕ್ಯಾಂಟೀನಿಗೆ ಕರೆದಳು.

"ಮೇಡಂ, ಹತ್ತೊಂಬತ್ತು ನಿಮಿಷ ಅಂತ ನಿಮ್ಗೆ ಯಾರು ಹೇಳಿದ್ದು?"

"ಜೂಡಿತ್. ಎಡ್ವಿನ್ ಪೆಲ್ ಅವರ ಮಗಳು."

ತಂಡ ಪ್ರಕಟಿಸಿದ್ದ ಸ್ವರಲಿಪಿಯ ಪುಸ್ತಕವೊಂದರಲ್ಲಿ ಹನ್ನೊಂದು ಮಾತ್ರೆ ಇರಬೇಕಾದಲ್ಲಿ ಹತ್ತು ಅಚ್ಚಾಗಿರುವುದನ್ನು ನವ್ಯಾ ಮೂರು ವರ್ಷದ ಹಿಂದೆ ಬರೆದು ತಿಳಿಸಿದ್ದಳಂತೆ. ಉತ್ತರ ಬರೆದವಳು ಜೂಡಿತ್. ಆಮೇಲೆ ಲೆಕ್ಕ ನೋಡಿಕೊಡಿ ಎಂದು ಅರೆಬರೆ ಹಾಡುಗಳನ್ನೂ ಕಳಿಸತೊಡಗಿದ್ದಳು. ನವ್ಯಾ ಮೇಜಿನ ಮೇಲಿದ್ದ ಲೋಟ ತಿರುಗಿಸುತ್ತ ಉಳಿದದ್ದನ್ನು ಹೇಳಿದಳು.

"ಎಡ್ವಿನ್‌ಗೆ ಸ್ಟ್ರೋಕ್ ಆಗಿ ಎರಡು ವರ್ಷ ಆಯ್ತು. ಬಲಗೈ ಏಳುವುದಿಲ್ಲ. ಬಾರಿಸಿದ್ದು ಮಗಳು. ಅಪ್ಪನ ಆರ್ಗನ್ ಮುಟ್ಲಿಕ್ಕೆ ಅವಳಿಗೆ ಮನಸ್ಸಾಗ್ಲಿಲ್ಲ, ಕೀಬೋರ್ಡಲ್ಲಿ ಬಾರಿಸಿ ಕಂಪ್ಯೂಟರಿನ ಆರ್ಗನ್ ಸದ್ದು ಹಾಕಿದಳು. ವೇಗ ಏರುವ ಸದ್ದು ಮಾತ್ರ ಅಪ್ಪನ ಹಳೆ ರೆಕಾರ್ಡಿಂಗಿಂದ ತೆಗೆದು ನಾಲ್ಕು ಕಡೆ ಹಾಕಿದ್ದು. ಅದು ಇಲ್ಲದಿದ್ರೆ ಅಪ್ಪ ಇಲ್ಲದ ಹಾಗೆ ಆಗ್ತದೆ ಅಂತ."

"ಹಾಗಾದ್ರೆ ನಾನು ಹೇಳಿದ್ದು ಸರಿಯೇ ಅಲ್ವಾ?" ಎಂದ ವಸಂತ.

"ಅರ್ಧ ಸರಿ. ಮನುಷ್ಯ ಬಾರಿಸಿದ್ದಲ್ಲ ಅಂತ ಬರೆದ್ರಿ ನೀವು."

"ಮತ್ತೆ ಪೋಸ್ಟರಿನಲ್ಲಿ ಅವರ ಫೋಟೋ ಎಂತಕ್ಕೆ ಹಾಕಿದ್ದು? ಟಿಕೆಟ್ ಮಾರಿದ್ದು ಅವರ ಮುಖ ತೋರಿಸಿಯೇ ಅಲ್ವಾ?"

ನವ್ಯಾ ತಲೆ ತಗ್ಗಿಸಿದಳು. ಆ ವಿಷಯದಲ್ಲಿ ತಾನೂ ಜೂಡಿತ್ ಜೊತೆ ಜಗಳ ಮಾಡಿದ್ದೇನೆ, ತಂಡದ ಉಳಿದವರು ಒಪ್ಪಲಿಲ್ಲ, ಗುಟ್ಟು ಬಿಡುವುದಿಲ್ಲ ಎಂದು ತಾನು ಮಾತು ಕೊಟ್ಟಿದ್ದೆ ಎಂದಳು. ವಿಷಯ ತಿಳಿದ ಮೇಲೂ ನಾಲ್ಕೈದು ತಿಂಗಳು ಕಕ್ಕಿಂಜೆಯ ಬೆಂಚಿನಲ್ಲಿ ಸುಮ್ಮನೆ ಕೂತದ್ದಕ್ಕೆ ಅವಳು ಕ್ಷಮೆ ಕೇಳಲಿಲ್ಲ. ವಸಂತನೂ ಬಯಸಲಿಲ್ಲ. ಹಿಡಿದ ಕಳ್ಳತನ ನಿಜವಾದಾಗ ಬರಬೇಕಾದ ಸಮಾಧಾನ ಬರಲಿಲ್ಲ ಎಂಬುದಷ್ಟೇ ಅವನ ಅರಿವಿಗೆ ಬಂತು. ಮೇಲೇಳದ ಬಲಗೈಯೊಂದು ಕಣ್ಣ ಮುಂದೆ ನಿಂತಿತ್ತು.

ಪುಟದಲ್ಲಿ ಬರೆದದ್ದನ್ನು ವಸಂತ ಅಳಿಸಲು ಹೋದರೆ ಅದರ ಕೆಳಗೆ ಆರುನೂರು ಉತ್ತರಗಳಿದ್ದವು. ಅಳಿಸಿದರೂ ಪ್ರಯೋಜನವಿರಲಿಲ್ಲ, ಜನ ಅದರ ಫೋಟೋ ತೆಗೆದು ಹಂಚಿದ್ದರು. ನವ್ಯಾಳ ಮೂಲಕ ಜೂಡಿತ್‌ಗೆ ಒಂದು ಕಾಗದ ಬರೆದ. ನಿಮ್ಮ ತಂದೆಯ ಸಂಗತಿ ತಿಳಿದಿರಲಿಲ್ಲ, ಬರೆದ ರೀತಿ ತಪ್ಪಾಯಿತು, ಆದರೆ ಫೋಟೋ ಹಾಕಿದ್ದು ನಿಮ್ಮದೂ ತಪ್ಪು, ಎಂದು ಬರೆದಿದ್ದ. ಕೊನೆಯ ಮಾತನ್ನು ತೆಗೆಯುವ ಎಂದು ನವ್ಯಾ ಹೇಳಿದರೂ ಒಪ್ಪಲಿಲ್ಲ. ಉತ್ತರ ಬರಲಿಲ್ಲ. ಕಾಗದ ನಿಜವಾಗಿ ಹೋಗಿದೆಯೋ, ನವ್ಯಾ ಕೊನೆಯ ಸಾಲು ಕತ್ತರಿಸಿ ಕಳಿಸಿದಳೋ ಎಂದು ಅವನು ಕೆಲವು ದಿನ ತಲೆ ಕೆಡಿಸಿಕೊಂಡ.

ಹನೀಫಾನ ಮುಂದೆ ಹೋಗಿ ನಿಲ್ಲಲು ಇನ್ನೂ ಎರಡು ತಿಂಗಳು ಹಿಡಿಯಿತು. ಬೇಕರಿಯಲ್ಲಿ ಗಿರಾಕಿಗಳಿದ್ದರು. ಅವರೆಲ್ಲ ಹೋಗುವ ತನಕ ವಸಂತ ಗಾಜಿನ ಕಪಾಟಿನ ಬದಿಯಲ್ಲಿ ನಿಂತ. ಆಮೇಲೆ ಎಲ್ಲವನ್ನೂ ಹೇಳಿದ, ಒಂದು ಗಳಿಗೆ ಹನೀಫಾನನ್ನೂ ಅನುಮಾನಿಸಿದ್ದನ್ನು ಸಹ. ಹನೀಫಾ, ಎಡ್ವಿನ್‌ಗೆ ಈಗ ಹೇಗುಂಟು ಎಂದು ಮಾತ್ರ ಕೇಳಿದ. ವಸಂತನಿಗೆ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನು ತಾನು ನವ್ಯಾಳಲ್ಲಿ ಕೇಳಿಯೇ ಇರಲಿಲ್ಲ ಎಂದು ಆಗ ನೆನಪಾಗಿ ಮುಖ ಬಿಸಿಯಾಯಿತು.

ಆಲ್ಬಂ ನವೆಂಬರಿನಲ್ಲಿ ಬಂತು. ಆರ್ಗನ್: ಜೂಡಿತ್ ಪೆಲ್ ಎಂದು ಹೊದಿಕೆಯ ಮೇಲೆ ಅಚ್ಚಾಗಿತ್ತು. ಎಡ್ವಿನ್‌ನ ಕಾಯಿಲೆಯ ವಿಷಯವನ್ನೂ ಎರಡು ಸಾಲಿನಲ್ಲಿ ಬರೆದಿದ್ದರು. ಮೂವರೂ ಈ ಸಲ ಮೂಡುಬಿದಿರೆಯಲ್ಲಿ ನವ್ಯಾಳ ಮನೆಯಲ್ಲಿ ಸೇರಿದರು. ಮೊದಲ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದ್ದರು. ಎಡ್ವಿನ್‌ನ ಹಳೆಯ ರೆಕಾರ್ಡಿಂಗಿನಿಂದ ಕಡ ತಂದ ಆ ಸದ್ದನ್ನು ಪೂರ್ತಿ ತೆಗೆದಿದ್ದರು. ಎರಡನೆಯದರ ಹನ್ನೊಂದನೇ ನಿಮಿಷದಲ್ಲಿ ಜೂಡಿತ್‌ಳ ಬೆರಳು ಪಕ್ಕದ ಸ್ವರಕ್ಕೆ ತಾಗಿ, ಚೂರು ಎಡವಿ, ಸಾವರಿಸಿಕೊಂಡು ಮುಂದೆ ಹೋಯಿತು. ಹನೀಫಾ ಗಮನಿಸಲಿಲ್ಲ. ನವ್ಯಾ ಗಮನಿಸಿ ವಸಂತನ ಕಡೆ ನೋಡಿದಳು. ತಾನೂ ಕೇಳಿದೆ ಎಂಬಂತೆ ಅವನು ತಲೆಯಾಡಿಸಿದ. ಮುಂದಿನ ವರ್ಷ ಭಾರತಕ್ಕೆ ಬರುವ ಆಲೋಚನೆಯಿದೆ ಎಂದು ತಂಡ ಮತ್ತೆ ಹೇಳಿದೆ, ಊರು ತಾರೀಕು ಇನ್ನೂ ಇಲ್ಲ ಎಂಬ ಸುದ್ದಿಯನ್ನು ಹನೀಫಾ ಓದಿದ. ನೋಡುವ, ಎಂದ ವಸಂತ.

ಮರುದಿನ ಅಂಗಡಿಯಲ್ಲಿ ಅವನು ಆ ತಪ್ಪಿದ ಸ್ವರದ ಜಾಗವನ್ನಷ್ಟೇ ಹುಡುಕಿ ಕೇಳಿದ. ಬೆರಳು ಎಡವಿದ್ದನ್ನು ಹಾಗೆಯೇ ಬಿಟ್ಟಿದ್ದಾರಲ್ಲ ಎಂದು ಸಂತೋಷವಾಯಿತು. ಎರಡನೇ ಸಲ ಕೇಳುವಾಗ, ತನ್ನಂಥವರು ಹುಡುಕಲಿ ಎಂದೇ ಅದನ್ನು ಬೇಕೆಂದು ಬಿಟ್ಟಿರಲೂಬಹುದಲ್ಲ ಎಂಬ ಯೋಚನೆ ಬಂತು. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಹೊರಗೆ ಯಾರೋ ಪಂಪು ಇಳಿಸುತ್ತಿದ್ದರು. ಒಂದು ನಿಮಿಷ ಎಂದು ಕೈಸನ್ನೆ ಮಾಡಿ, ಅವನು ಹನ್ನೊಂದನೇ ನಿಮಿಷಕ್ಕೆ ಮತ್ತೆ ಹೋದ.