ಸೋಮವಾರದ ಫೈನಲ್

ಆ ಸಲದ ಕಾಲ್ಚೆಂಡಿನ ವಿಶ್ವಕಪ್ ಫೈನಲ್ಲನ್ನು ದೂರದ ಅಮೆರಿಕದಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಆಡಿಸಿದರು. ಯಾಕೆಂದರೆ ಅದು ಯುರೋಪಿನವರು ಊಟ ಮುಗಿಸಿ ಟಿ.ವಿ. ಮುಂದೆ ಕಾಲು ಚಾಚುವ ಹೊತ್ತು. ಎಲ್ಲಿ ನೋಡುವವರು ಹೆಚ್ಚೋ ಅವರ ಸಂಜೆಗೆ ಆಟ. ಉಳಿದವರಿಗೆ ಉಳಿದ ಹೊತ್ತು. ಕುಂದಗೋಳ ತಾಲೂಕಿನ ನಮ್ಮ ಹಳ್ಳಿಯ ಪಾಲಿಗೆ ಬಂದದ್ದು ರಾತ್ರಿ ಹನ್ನೆರಡೂವರೆ. ಇದನ್ನೆಲ್ಲ ನನಗೆ ತಿಳಿಸಿ ಹೇಳಿದವನು ನಮ್ಮಣ್ಣ, ಹೈಸ್ಕೂಲಿನ ಆಟದ ಮಾಸ್ತರ.

"ಜಾಹೀರಾತು ಕೊಡಾವ್ರಿಗೆ ನಮ್ಮ ನಿದ್ದಿ ಲೆಕ್ಕಕ್ಕಿಲ್ಲ ಬಿಡವಾ," ಅಂತ ನಗುತ್ತಿದ್ದ. ನನಗೆ ಮಾತ್ರ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ಅಣ್ಣನ ಪುಪ್ಪುಸ ಕೆಟ್ಟಿತ್ತು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ದವಾಖಾನೆಯವರು ಕಳಿಸಿದ್ದರು. ಮದುವೆಯಾಗದವನು, ಅವ್ವ ಒಬ್ಬಳಿಂದ ಆಗದೆಂದು ನಾನೂ ತವರಿಗೆ ಬಂದಿದ್ದೆ. "ಫೈನಲ್ ಒಂದ ನೋಡಿ ಹೋಗ್ತೀನಿ," ಅನ್ನುತ್ತಿದ್ದ. ಎಲ್ಲಿಗೆ ಎಂದು ನಾವು ಕೇಳುತ್ತಿರಲಿಲ್ಲ.

ಮೊಬೈಲಿನಲ್ಲಿ ಸೋಮವಾರ ಹನ್ನೆರಡೂವರೆ ಅಂತ ಇತ್ತು. ನಮ್ಮ ಮನೆಯಲ್ಲಿ ದಿನ ಹುಟ್ಟುವುದು ಸೂರ್ಯ ಹುಟ್ಟಿದ ಮೇಲೆ. ಅವ್ವ ಸೋಮವಾರ ಒಪ್ಪತ್ತು ಮಾಡುವವಳು. ಅವಳ ಸೋಮವಾರ ಮುಗಿಯುವುದು ಮಂಗಳವಾರ ಬೆಳಕು ಹರಿದಾಗ. ಅದೇ ಲೆಕ್ಕದಲ್ಲಿ ನಾನು ಫೈನಲ್ ಸೋಮವಾರ ರಾತ್ರಿ ಎಂದು ಹಿಡಿದೆ. ರವಿವಾರ ಅಣ್ಣನಿಗೆ ಲಗೂ ಗುಳಿಗೆ ಕೊಟ್ಟು ಮಲಗಿಸಿದೆವು, ನಾಳೆಗೆ ಶಕ್ತಿ ಉಳಿಯಲಿ ಅಂತ.

ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದರೆ ಅಲ್ಲಿ ಗೆದ್ದವರ ಸುದ್ದಿ ನಡೆದಿತ್ತು. ಮೊಬೈಲಿನ ಸೋಮವಾರ ರವಿವಾರ ನಡುರಾತ್ರಿಗೇ ಹುಟ್ಟಿತ್ತು, ನಾವು ಮಲಗಿದ್ದಾಗಲೇ ಆಟ ಮುಗಿದಿತ್ತು. ಮನೆಗೆ ಬಂದರೆ ಅಣ್ಣ, ರಾತ್ರಿ ಬೆನ್ನಿಗೆ ಇನ್ನೊಂದು ತಲೆದಿಂಬು ಬೇಕೆಂದು ಅವ್ವನನ್ನು ಕೇಳುತ್ತಿದ್ದ. ಮರುಪ್ರಸಾರ ತೋರಿಸಬಹುದಿತ್ತು. ಆದರೆ ನೋಡಿ ಹೋಗ್ತೀನಿ ಅಂದಿದ್ದನಲ್ಲ, ನೋಡದಿದ್ದರೆ ಹೋಗಲಿಕ್ಕಿಲ್ಲ ಎಂಬ ಹುಚ್ಚು ಆಸೆ ನನ್ನ ತಲೆ ಹೊಕ್ಕಿತು.

"ಅಣ್ಣಾ, ಅಲ್ಲೆ ಭಾಳ ಮಳಿಯಂತ. ಮ್ಯಾಚ್ ಮುಂದ ಹಾಕ್ಯಾರ," ಅಂದೆ.

ಅವನು ನನ್ನ ಮುಖವನ್ನೇ ನೋಡಿದ. "ಹೌದೇನವಾ? ಹಂಗಾರ ಮಳಿ ನಿಲ್ಲಲಿ. ಕಾಯೂಣು."

ಆಮೇಲೆ ದಿನಾ ಅವನೇ ಕೇಳುತ್ತಿದ್ದ, "ಮಳಿ ನಿಂತೇನು?" ಇನ್ನೂ ಇಲ್ಲ ಅನ್ನುತ್ತಿದ್ದೆ. ಆಗ ಹೇಗೋ ಮಾಡಿ ನಾಲ್ಕು ಚಮಚ ಗಂಜಿ ನುಂಗುತ್ತಿದ್ದ. ಆ ವಾರ ತುಂಬುವ ಮೊದಲೇ, ಒಂದು ಮಧ್ಯಾಹ್ನ, ಅವ್ವನ ತೊಡೆಯ ಮೇಲೆ ತಲೆಯಿಟ್ಟವನು ಮತ್ತೆ ಏಳಲಿಲ್ಲ.

ಸಾವಿನ ಮನೆಯೆಂದು ನಮ್ಮನ್ನು ಮಾತಾಡಿಸಲು ಬಂದವರಲ್ಲಿ ಅವನ ಕೈಯಲ್ಲಿ ಆಟ ಕಲಿತ ಹೆಣ್ಣುಮಗಳೊಬ್ಬಳಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಹೇಳಿದಳು: "ಎಂಥಾ ಮಳಿ ಬಂದ್ರೂ ಸರ್ ನಮ್ಮನ್ನ ಮೈದಾನ ಬಿಟ್ಟು ಹೋಗಾಕ ಬಿಡ್ತಿರಲಿಲ್ರಿ. ಫುಟ್‌ಬಾಲ್ ಮಳಿಗೆ ನಿಲ್ಲೂ ಆಟ ಅಲ್ಲ ಅಂತಿದ್ರು."

ನಾನು ಎದ್ದು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಅವನಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ದಿನಾ ನನ್ನ ಹತ್ತಿರ ಮಳೆಯ ಸುದ್ದಿ ಕೇಳಿದ.