ಚಿಮ್ಮನಚೋಡದ ರೊಟ್ಟಿ ಗಂಟು

ಚಿಂಚೋಳಿ ರಸ್ತೆಯ ಚಹಾದಂಗಡಿ ಎದುರು ನಮ್ಮ ಜೀಪು ನಿಂತಿತ್ತು. ನಾನು ದುಭಾಷಿ. ಹೊರದೇಶದ ಪಾದ್ರಿಗಳು ದಿನಾ ಬೆಳಿಗ್ಗೆ ಪ್ರಾರ್ಥಿಸಿ, ದೇವರು ತೋರಿಸಿದ ಊರಿಗೇ ಹೊರಡುವವರು. ಇವತ್ತು ಚಿಮ್ಮನಚೋಡಕ್ಕೆ ಬರುತ್ತೇವೆಂದು ನಿನ್ನೆ ಆ ಊರಿನವರಿಗೆ ನನ್ನ ಬಾಯಿಂದಲೇ ಹೇಳಿಸಿದ್ದರು. ಈಗ ದೇವರು ಸೇಡಂ ಊರಿಗೆ ಹೋಗಿ ಅಂದನಂತೆ. ಕೊಟ್ಟ ಮಾತಿಗೆ ಬೆಲೆಯೇ ಇಲ್ಲವೇ ಎಂದು ನನಗೆ ಮೈ ಉರಿಯಿತು.

ನಮ್ಮನ್ನು ಕರೆದೊಯ್ಯಲು ಆ ಊರಿಂದ ನಡೆದು ಬಂದಿದ್ದ ಮುದುಕಿಗೆ ವಿಷಯ ತಿಳಿಸಿದೆ. ಅವಳ ಕಂಕುಳಲ್ಲಿ ನಮಗಾಗಿ ತಂದ ಜೋಳದ ರೊಟ್ಟಿಯ ಗಂಟಿತ್ತು.

“ಹೆಣ್ಮಕ್ಕಳೆಲ್ಲಾ ಹೊಲದ ಕೆಲಸ ಬಿಟ್ಟು ಕುಂತಾರ್ರಿ. ಪ್ರಾರ್ಥನಾ ನಾವೂ ಮಾಡೀವಿ. ನೀವು ಬರ್ತೀರಿ ಅಂತನೇ ದೇವ್ರು ನಮಗ ಹೇಳ್ಯಾನ,” ಎಂದಳು.

ಒಂದಕ್ಷರವನ್ನೂ ಮೆತ್ತಗೆ ಮಾಡದೆ ಇಂಗ್ಲಿಷಿಗೆ ತಿರುಗಿಸಿದೆ. ಪಾದ್ರಿಗಳು ಮತ್ತೆ ಕಣ್ಣು ಮುಚ್ಚಿದರು. ತೆರೆಯುವಷ್ಟರಲ್ಲಿ ಮುದುಕಿ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತಿದ್ದಳು.